ಕಡಲ ತಳದ ಕೆಸರಿಗೆ ಎಷ್ಟು ವಯಸ್ಸು?

ಕರಾವಳಿಯ ಓದುಗರಿಂದ ಈ ಸಲ ಬಂದ ಪ್ರಶ್ನೆಗಳೆಲ್ಲ ಸಮುದ್ರದ ತಳದ ಹೂಳನ್ನು ಕುರಿತವು. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದಡದ ಹತ್ತಿರ ಬಲೆ ಎಳೆದರೆ ಮೆತ್ತನೆ ಕೆಸರು ಹತ್ತುತ್ತದೆ. 35–40 ಮಾರು ಆಳ ದಾಟಿದರೆ ದೊರಗು ಮರಳು, ಚಿಪ್ಪಿನ ಚೂರು. ಮರಳು ಭಾರ, ಅದು ದಡದಲ್ಲೇ ನಿಲ್ಲಬೇಕಲ್ಲವೆ? (ಮಲ್ಪೆ)

ನಿಮ್ಮ ಲೆಕ್ಕ ತಪ್ಪಲ್ಲ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ನದಿಗಳು ಇವತ್ತು ಹೊತ್ತು ತರುವ ಮರಳು ಬಹುಪಾಲು ಅಳಿವೆಬಾಯಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಣ್ಣ ಕಣದ ಕೆಸರು ಸುಮಾರು 50–60 ಮೀಟರ್ ಆಳದವರೆಗೆ ಹರಡುತ್ತದೆ. ನಿಮ್ಮ ಬಲೆಗೆ ಅದರಾಚೆ ಸಿಕ್ಕ ಮರಳನ್ನು ಮಾತ್ರ ಇವತ್ತಿನ ಯಾವ ನದಿಯೂ ತಂದದ್ದಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಈಗ 70 ಮೀಟರ್ ನೀರಿನಡಿ ಇರುವ ಜಾಗ ಆಗ ಒಣ ನೆಲ. ನೀರು ಏರುತ್ತ ಬಂದಾಗ ಅದೇ ಕಡಲ ದಡವೂ ಆಯಿತು. ಆ ಕಾಲದ ಚಿಪ್ಪು, ಸುಣ್ಣದ ಗುಂಡುಕಾಳು, ಪಾಚಿ ಕಟ್ಟಿದ ಸುಣ್ಣ ಅಲ್ಲೇ ಉಳಿದಿವೆ. ಹೊಸ ಕೆಸರು ಅಷ್ಟು ದೂರಕ್ಕೆ ಮುಟ್ಟದ ಕಾರಣ ಅವು ಮುಚ್ಚಿಹೋಗಿಲ್ಲ. ನಿಮ್ಮ ಬಲೆಗೆ ಸಿಕ್ಕಿದ್ದು ಹಳೆಯ ದಡದ ಉಳಿಕೆ.

ಪ್ರಶ್ನೆ: ಸೋನಾರ್ ಚಿತ್ರ ನೋಡಿಯೇ ತಳದಲ್ಲಿ ಕೆಸರಿದೆ, ಮರಳಿದೆ ಎಂದು ನಕಾಶೆ ಬರೆಯಬಹುದೆ? (ಹೊನ್ನಾವರ)

ಬರೆಯಲಾಗದು. ತಳಕ್ಕೆ ಶಬ್ದ ಕಳಿಸುವ ಸೋನಾರ್ ಹೇಳುವುದು ಆಳ ಎಷ್ಟು, ಪ್ರತಿಧ್ವನಿ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಮೆತ್ತನೆ ಕೆಸರು ಶಬ್ದವನ್ನು ನುಂಗುತ್ತದೆ, ಚಿಪ್ಪು ತುಂಬಿದ ಮರಳು ಜೋರಾಗಿ ಹಿಂದಿರುಗಿಸುತ್ತದೆ. ಆದರೆ ಕೆಸರಿನ ಮೇಲೆ ಸತ್ತ ಚಿಪ್ಪುಗಳ ತೆಳು ಹಾಸು ಇದ್ದರೂ ಪ್ರತಿಧ್ವನಿ ಜೋರಾಗಿಯೇ ಬರುತ್ತದೆ. ಯಾವುದು ಏನೆಂದು ಹೆಸರಿಡಲು ತಳದ ಮಣ್ಣು ಕೈಗೆ ಬರಬೇಕು.

ಕೆಲಸದ ಕ್ರಮ ಹೀಗೆ. ಹಡಗು ಮಲ್ಟಿಬೀಮ್ ಸೋನಾರ್ (ಒಮ್ಮೆಗೇ ಬೀಸಣಿಗೆಯ ಹಾಗೆ ಹಲವು ಶಬ್ದಕಿರಣ ಬಿಡುವ ಸೋನಾರ್) ಹಾಕಿಕೊಂಡು ಸಮಾನಾಂತರ ಸಾಲುಗಳಲ್ಲಿ, ಗದ್ದೆ ಉತ್ತ ಹಾಗೆ, ಓಡಾಡುತ್ತದೆ. ಒಂದು ಸಾಲಿನಲ್ಲಿ ಕಾಣುವ ಪಟ್ಟಿಯ ಅಗಲ ಆಳದ ಮೂರು ನಾಲ್ಕು ಪಟ್ಟು. 30 ಮೀಟರ್ ನೀರಿನಲ್ಲಿ 100 ಮೀಟರ್ ಪಟ್ಟಿ ಸಿಕ್ಕರೆ ಸಾಲುಗಳ ನಡುವೆ 80 ಮೀಟರಿಗಿಂತ ಹೆಚ್ಚು ಬಿಡಬಾರದು. ಪಟ್ಟಿಗಳ ಅಂಚು ಒಂದರ ಮೇಲೊಂದು ಬಂದರೇ ತಪ್ಪು ಗೊತ್ತಾಗುವುದು. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೂ ನದಿಯ ಸಿಹಿನೀರು ಮೇಲ್ಪದರದಲ್ಲಿ ತೇಲುತ್ತಿರುತ್ತದೆ. ಶಬ್ದದ ವೇಗ ಮೇಲೊಂದು, ಕೆಳಗೊಂದು. ಬೆಳಿಗ್ಗೆ ಒಮ್ಮೆ ಅಳೆದ ವೇಗವನ್ನೇ ಸಂಜೆಯವರೆಗೆ ನಂಬಿದರೆ ಸಮತಟ್ಟಾದ ತಳವೂ ಪಟ್ಟಿಯ ಎರಡೂ ಅಂಚಿನಲ್ಲಿ ಬಾಗಿದಂತೆ ಕಾಣುತ್ತದೆ. ಆದ್ದರಿಂದ ಅಳಿವೆಗಳೆದುರು ಕೆಲವು ಗಂಟೆಗೊಮ್ಮೆ ವೇಗ ಅಳೆಯಬೇಕು.

ಆಮೇಲೆ ಪ್ರತಿಧ್ವನಿ ಒಂದೇ ತರಹ ಇರುವ ಪ್ರತಿ ತುಣುಕಿನಲ್ಲಿ ಗ್ರ್ಯಾಬ್ ಇಳಿಸಿ ಮಣ್ಣು ತೆಗೆಯುತ್ತಾರೆ. ಎರಡು ಬೊಗಸೆ ಕೂಡಿದ ಹಾಗೆ ಮುಚ್ಚಿಕೊಳ್ಳುವ ವ್ಯಾನ್ ವೀನ್ ಗ್ರ್ಯಾಬ್ ಇದಕ್ಕೆ ಸಾಕು. ಕೊನೆಯ ಐದು ಮೀಟರ್ ನಿಧಾನ ಇಳಿಸಬೇಕು, ಇಲ್ಲವಾದರೆ ಅದು ತಳ್ಳುವ ನೀರಿನ ಅಲೆಯೇ ಮೇಲಿನ ತೆಳುಕೆಸರನ್ನು ಚದುರಿಸುತ್ತದೆ. ದೊಡ್ಡ ತಪ್ಪು ನಡೆಯುವುದು ಮೇಲೆತ್ತುವಾಗ. ಬಾಯಲ್ಲಿ ಒಂದು ಚಿಪ್ಪು ಸಿಕ್ಕಿಕೊಂಡರೆ ಸಾಕು, ಮೇಲೆ ಬರುವಷ್ಟರಲ್ಲಿ ಕೆಸರೆಲ್ಲ ತೊಳೆದುಹೋಗಿ ಮರಳು ಮಾತ್ರ ಉಳಿದಿರುತ್ತದೆ. ಅದನ್ನೇ ಚೀಲಕ್ಕೆ ತುಂಬಿದರೆ ನಕಾಶೆಯಲ್ಲಿ ಇಲ್ಲದ ಮರಳು ಹುಟ್ಟಿಕೊಳ್ಳುತ್ತದೆ. ಬಾಯಿ ಪೂರ್ತಿ ಮುಚ್ಚಿರದ ಗ್ರ್ಯಾಬನ್ನು ಅಲ್ಲೇ ಚೆಲ್ಲಿ, ಮತ್ತೆ ಇಳಿಸಿ. ಜಿಪಿಎಸ್ ಆಂಟೆನಾ ಹಡಗಿನ ನೆತ್ತಿಯಲ್ಲಿ, ಗ್ರ್ಯಾಬ್ ಇಳಿಯುವುದು ಹಿಂಬದಿಯಲ್ಲಿ. ಆ ಅಂತರವನ್ನೂ ಕಳೆಯಬೇಕು.



ಪ್ರಶ್ನೆ: ಪಿಪೆಟ್ ವಿಧಾನದಲ್ಲಿ ಜೇಡಿಯ ಪಾಲು ಪ್ರತಿ ಸಲ ಕಡಿಮೆ ಬರುತ್ತಿದೆ. ಎಲ್ಲಿ ತಪ್ಪುತ್ತಿದೆ? (ಎಂ.ಎಸ್‌ಸಿ. ವಿದ್ಯಾರ್ಥಿನಿ, ಮಂಗಳೂರು)

ಪಿಪೆಟ್ ವಿಧಾನವೆಂದರೆ ಕೆಸರನ್ನು ನೀರಿನ ಸಿಲಿಂಡರಿನಲ್ಲಿ ಕಲಕಿ ಬಿಟ್ಟು, ಗೊತ್ತಾದ ಹೊತ್ತಿಗೆ ಗೊತ್ತಾದ ಆಳದಿಂದ ಪಿಪೆಟ್ಟಿನಲ್ಲಿ ನೀರು ಎಳೆದು, ಇನ್ನೂ ಇಳಿಯದ ಸಣ್ಣ ಕಣಗಳನ್ನು ತೂಗುವುದು. ಮೊದಲು ಉಪ್ಪನ್ನು ಅನುಮಾನಿಸಿ. ಉಪ್ಪು ಉಳಿದಿದ್ದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಹಾಗೆ ಉಂಡೆಯಾಗಿ, ಬೇಗ ಇಳಿದುಬಿಡುತ್ತವೆ. ಸಿಲಿಂಡರಿನ ಮೇಲ್ಭಾಗದ ನೀರು ಅರ್ಧ ಗಂಟೆಯಲ್ಲೇ ತಿಳಿಯಾಗಿ, ಕೆಸರಿಗೂ ನೀರಿಗೂ ನಡುವೆ ಗೆರೆ ಕೊರೆದಂತೆ ಕಂಡರೆ ಇದೇ ಕಾರಣ. ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ನಾಲ್ಕು ಬಾರಿ ತೊಳೆಯಿರಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ನೊರೆ ನಿಲ್ಲುವ ತನಕ ಬಿಟ್ಟು, ಸಾವಯವ ಅಂಶ ತೆಗೆಯಿರಿ. ಆಮೇಲೆ ಕಣಗಳನ್ನು ಬಿಡಿಬಿಡಿಯಾಗಿಡುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿ ಒಂದು ರಾತ್ರಿ ಇಡಿ. ಅದರ ತೂಕವನ್ನು ಕೊನೆಯಲ್ಲಿ ಕಳೆಯಲು ಮರೆಯಬೇಡಿ. ಮಾದರಿಯನ್ನು ಮೊದಲೇ ಒಲೆಯಲ್ಲಿ ಒಣಗಿಸಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಒಣಗಿ ಇಟ್ಟಿಗೆಯಾದ ಜೇಡಿ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಕಣದ ಅಳತೆಗೆ ಹಸಿ ಮಾದರಿಯನ್ನೇ ಬೇರೆ ಎತ್ತಿಡಿ.

ಎರಡನೆಯದು ತಾಪಮಾನ. ಪುಸ್ತಕದ ಕೋಷ್ಟಕಗಳು ಸಾಮಾನ್ಯವಾಗಿ 20 ಡಿಗ್ರಿಯವು. 4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ನಾಲ್ಕು ಪಾಲು) ಕಣ 10 ಸೆಂ.ಮೀ. ಇಳಿಯಲು ಅಲ್ಲಿ 2 ಗಂಟೆ 3 ನಿಮಿಷ ಎಂದಿರುತ್ತದೆ. ನಿಮ್ಮ ಪ್ರಯೋಗಶಾಲೆ 28 ಡಿಗ್ರಿ ಇದ್ದರೆ ನೀರು ತೆಳುವಾಗಿ ಅದೇ ಕಣ ಸುಮಾರು 1 ಗಂಟೆ 42 ನಿಮಿಷದಲ್ಲೇ ಇಳಿದಿರುತ್ತದೆ. ನೀವು ಪಿಪೆಟ್ ಇಳಿಸುವ ಹೊತ್ತಿಗೆ ಜೇಡಿಯಲ್ಲೂ ದಪ್ಪ ಕಣಗಳು ತಪ್ಪಿಸಿಕೊಂಡಿರುತ್ತವೆ.

ಪ್ರಶ್ನೆ: ವರ್ಷಕ್ಕೆ ಇಂತಿಷ್ಟು ಮಿಲಿಮೀಟರ್ ಹೂಳು ಕೂಡುತ್ತದೆ ಎನ್ನುತ್ತಾರೆ. ನೀರಿನಡಿ ಹೋಗಿ ಕೋಲು ನೆಟ್ಟು ಅಳೆಯುತ್ತಾರೆಯೆ? (ಕುಂದಾಪುರ)

ಕೋಲು ನೆಟ್ಟರೆ ಅದರ ಸುತ್ತಲೇ ನೀರು ಸುಳಿದು ಗುಂಡಿ ಬೀಳುತ್ತದೆ. ಕೆಸರಿನೊಳಗೇ ಒಂದು ಗಡಿಯಾರ ಇದೆ: ಸೀಸ-210. ನೆಲದಿಂದ ಹೊರಬರುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸಿ ಈ ವಿಕಿರಣಶೀಲ ಸೀಸ ಹುಟ್ಟುತ್ತದೆ, ಮಳೆಯೊಂದಿಗೆ ಇಳಿದು ಸಣ್ಣ ಕಣಗಳಿಗೆ ಅಂಟಿ ತಳ ಸೇರುತ್ತದೆ. ಅಲ್ಲಿ ಹೂತಮೇಲೆ ಪ್ರತಿ 22.3 ವರ್ಷಕ್ಕೆ ಅರ್ಧಕ್ಕರ್ಧ ಕಡಿಮೆಯಾಗುತ್ತ ಹೋಗುತ್ತದೆ. ನೂರು, ನೂರೈವತ್ತು ವರ್ಷದವರೆಗೆ ಇದು ಲೆಕ್ಕ ಕೊಡುತ್ತದೆ. ಅದಕ್ಕಿಂತ ಹಳೆಯದಕ್ಕೆ ಚಿಪ್ಪಿನ ಕಾರ್ಬನ್-14 ಬೇಕು.

ಲೆಕ್ಕ ಸರಳ. ಮೇಲಿನಿಂದ ಬಂದ ಸೀಸ ಒಂದು ಆಳದಲ್ಲಿ ಕಿಲೋಗೆ 80 ಬೆಕೆರೆಲ್ (ವಿಕಿರಣದ ಅಳತೆ), ಅದಕ್ಕಿಂತ 5 ಸೆಂ.ಮೀ. ಕೆಳಗೆ 40, ಮತ್ತೆ 5 ಸೆಂ.ಮೀ. ಕೆಳಗೆ 20 ಇದೆ ಎನ್ನಿ. ಪ್ರತಿ 5 ಸೆಂ.ಮೀ.ಗೆ ಅರ್ಧವಾಯಿತು, ಅಂದರೆ 5 ಸೆಂ.ಮೀ. ಕೂಡಲು 22.3 ವರ್ಷ. ವರ್ಷಕ್ಕೆ 2.2 ಮಿ.ಮೀ.

ಕಷ್ಟವಿರುವುದು ಮಾದರಿಯಲ್ಲಿ. ಭಾರದ ಕಬ್ಬಿಣದ ಕೊಳವೆಯನ್ನು ಬೀಳಿಸುವ ಗ್ರ್ಯಾವಿಟಿ ಕೋರರ್ ಮೂರು ನಾಲ್ಕು ಮೀಟರ್ ಕೆಸರು ತರುತ್ತದೆ, ಆದರೆ ಬೀಳುವ ರಭಸಕ್ಕೆ ನೀರಿನಷ್ಟೇ ತೆಳುವಾದ ಮೇಲ್ಪದರವನ್ನು ಊದಿಬಿಡುತ್ತದೆ. ಮೇಲಿನ 8 ಸೆಂ.ಮೀ. ಹೋದರೆ, ಮೇಲಿನ ಲೆಕ್ಕದಂತೆ, 36 ವರ್ಷ ಹೋಯಿತು. ಇತ್ತೀಚಿನ ಕಾಲಕ್ಕೆ ತಳವನ್ನು ಪೆಟ್ಟಿಗೆಯಲ್ಲಿ ಕತ್ತರಿಸಿ ತರುವ ಬಾಕ್ಸ್ ಕೋರರ್ ಅಥವಾ ಹಲವು ಕೊಳವೆಗಳನ್ನು ಮೆಲ್ಲಗೆ ಒತ್ತುವ ಮಲ್ಟಿಕೋರರ್ ಬಳಸಿ. ಕೊಳವೆ ಮೇಲೆ ಬಂದಾಗ ಕೆಸರಿನ ಮೇಲೆ ತಿಳಿನೀರು ನಿಂತಿರಬೇಕು, ಹುಳದ ಬಿಲದ ಬಾಯಿ ಕಾಣಬೇಕು. ನೀರು ರಾಡಿಯಾಗಿದ್ದರೆ ಮೇಲ್ಪದರ ಕದಡಿದೆ ಎಂದರ್ಥ, ಬಿಸಾಡಿ. ಕೊಳವೆಯನ್ನು ನೇರ ನಿಲ್ಲಿಸಿಯೇ ಸಾಗಿಸಿ. ಮೇಲಿನ 20 ಸೆಂ.ಮೀ. ಒಂದೊಂದು ಸೆಂ.ಮೀ.ಗೆ, ಕೆಳಗೆ ಎರಡೆರಡಕ್ಕೆ ಹೋಳು ಮಾಡಿ. ಪ್ರತಿ ಹೋಳಿನ ಸುತ್ತಲಂಚನ್ನು 3–5 ಮಿ.ಮೀ. ಕೆರೆದು ತೆಗೆಯಿರಿ, ಯಾಕೆಂದರೆ ಮೇಲಿನ ಹೊಸ ಕೆಸರು ಕೊಳವೆಯ ಗೋಡೆಗುಂಟ ಕೆಳಗಿನವರೆಗೂ ಸವರಿಕೊಂಡಿರುತ್ತದೆ.

ಪ್ರತಿ ಹೋಳನ್ನು ಹಸಿಯಿದ್ದಾಗಲೂ ಒಣಗಿದ ಮೇಲೂ ತೂಗಿ. ಇದನ್ನು ಬಿಟ್ಟವರು ಆಮೇಲೆ ಪರಿತಪಿಸುತ್ತಾರೆ. ಒಣಗಿಸಿದಾಗ ಕಡಲ ನೀರಿನ ಉಪ್ಪು ಅಲ್ಲೇ ಉಳಿಯುತ್ತದೆ. ಗಾತ್ರದಲ್ಲಿ ಶೇ 80 ನೀರಿರುವ ಮೇಲ್ಪದರದಲ್ಲಿ ಒಣತೂಕದ ಸುಮಾರು ಶೇ 5 ಉಪ್ಪೇ, ಅದನ್ನು ಕಳೆಯಬೇಕು. ಪುಡಿಮಾಡಿದ ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಟ್ಟು, ಆಮೇಲೆ ಅದು ಹೊಮ್ಮಿಸುವ ಗಾಮಾ ಕಿರಣಗಳ ಎಣಿಕೆಗೆ ಹಾಕುತ್ತಾರೆ. ಮಣ್ಣಿನೊಳಗಿನ ರೇಡಿಯಂನಿಂದಲೂ ಸೀಸ-210 ಹುಟ್ಟುತ್ತಲೇ ಇರುತ್ತದೆ. ಆ ಪಾಲನ್ನು ಅಳೆಯಲು ಒಳಗಿನ ರೇಡಾನ್ ಹೊರಗೆ ಹೋಗದೆ ಸಮಸ್ಥಿತಿಗೆ ಬರಬೇಕು. ಒಟ್ಟು ಸೀಸ-210ರಲ್ಲಿ ಆ ಪಾಲನ್ನು ಕಳೆದು ಉಳಿದದ್ದೇ ಗಡಿಯಾರ.

ಇಷ್ಟಾದ ಮೇಲೂ ಮೇಲಿನ 5–10 ಸೆಂ.ಮೀ.ನಲ್ಲಿ ಸೀಸದ ಪ್ರಮಾಣ ಇಳಿಯದೆ ಒಂದೇ ಸಮ ಕಾಣಬಹುದು. ಹುಳು, ಏಡಿ, ಟ್ರಾಲ್ ಬಲೆ ಇವೆಲ್ಲ ಸೇರಿ ಅಗೆದು ಬೆರೆಸಿದ ಪದರ ಅದು. ಆಳಕ್ಕೆ ಸೀಸ ಇಳಿಯುವುದನ್ನು ತೋರಿಸುವ ಗೆರೆಯನ್ನು ಅದನ್ನೂ ಸೇರಿಸಿ ಎಳೆದರೆ ಇಳಿಜಾರು ಕಡಿಮೆಯಾಗಿ ಹೂಳು ಕೂಡುವ ವೇಗ ಹೆಚ್ಚು ಬರುತ್ತದೆ. ಗೆರೆ ಅದರ ಕೆಳಗಿನಿಂದ ಶುರುವಾಗಬೇಕು. ಮಲ್ಪೆಯ ಓದುಗರು ಹೇಳಿದ ದೊರಗು ಮರಳಿನಲ್ಲಂತೂ ವೇಗದ ಲೆಕ್ಕವನ್ನೇ ಮಾಡಬಾರದು. ಅಲ್ಲಿ ನಾಲ್ಕು ಸೆಂ.ಮೀ. ಸೀಸ ಕಂಡರೆ ಅದು ಕಲಕಿ ಇಳಿದದ್ದು, ಕೂಡಿ ಬಂದದ್ದಲ್ಲ.

ಪ್ರಶ್ನೆ: ವರ್ಷಕ್ಕೆ ಎರಡು ಮಿ.ಮೀ. ನಿಜವಾದರೆ ಬಂದರಿನ ಕಾಲುವೆಯಲ್ಲಿ ಒಂದೇ ಮಳೆಗಾಲಕ್ಕೆ ಅರ್ಧ ಮೀಟರ್ ಹೂಳು ಹೇಗೆ? (ಕಾರವಾರ)

ಎರಡೂ ನಿಜವಿರಬಹುದು, ಅಳೆದದ್ದು ಬೇರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆಗಳು ಆಳವಿಲ್ಲದ ತಳವನ್ನೆಲ್ಲ ಕಲಕುತ್ತವೆ. ತೇಲಿದ ಕೆಸರು ಅಲೆ ಮುಟ್ಟದ ಆಳ ಸಿಕ್ಕಲ್ಲಿ ಇಳಿಯುತ್ತದೆ. ಅಂಥ ಆಳವನ್ನು ನಾವೇ ತೋಡಿಕೊಟ್ಟಿದ್ದೇವೆ.

ಲೆಕ್ಕ ಹಾಕಿ ನೋಡಿ. ಹೊಸದಾಗಿ ಇಳಿದ ಕೆಸರಿನ ಸಾಂದ್ರತೆ ಘನ ಸೆಂ.ಮೀ.ಗೆ 1.2 ಗ್ರಾಂ ಎನ್ನಿ. ಅದರಲ್ಲಿ ಒಣ ಮಣ್ಣು 0.28 ಗ್ರಾಂ ಮಾತ್ರ, ಉಳಿದದ್ದು ನೀರು. 50 ಸೆಂ.ಮೀ.ಗೆ, ಪ್ರತಿ ಚದರ ಸೆಂ.ಮೀ. ಮೇಲೆ 14 ಗ್ರಾಂ. ಕಾಲುವೆಯ ಅಗಲ 200 ಮೀಟರ್ ಇದ್ದು, ಎರಡೂ ಬದಿಯ 10 ಕಿ.ಮೀ. ತಳದಿಂದ ಕೆಸರು ಬಂದು ಸೇರಿದ್ದರೆ, ಆ 20 ಕಿ.ಮೀ. ಉದ್ದಕ್ಕೂ ಕಳೆದುಕೊಂಡದ್ದು ಚದರ ಸೆಂ.ಮೀ.ಗೆ 0.14 ಗ್ರಾಂ. ಗಾತ್ರದಲ್ಲಿ ಶೇ 60 ನೀರಿರುವ ಗಟ್ಟಿ ಕೆಸರಾದರೆ ಅದು ಬರೀ 1.3 ಮಿ.ಮೀ. ದಪ್ಪ. ಸುತ್ತಲ ತಳದಲ್ಲಿ ಯಾರೂ ಗಮನಿಸದ ಒಂದು ಪೊರೆ ಕಾಲುವೆಯಲ್ಲಿ ಅರ್ಧ ಮೀಟರ್ ಆಗುತ್ತದೆ.

ಇದಕ್ಕಾಗಿಯೇ ದರವನ್ನು ಮಿಲಿಮೀಟರಿನಲ್ಲಿ ಹೇಳುವುದು ಸಾಲದು ಎನ್ನುವುದು. ವರ್ಷಕ್ಕೆ, ಚದರ ಸೆಂ.ಮೀ.ಗೆ ಎಷ್ಟು ಗ್ರಾಂ ಒಣ ಮಣ್ಣು ಎಂದು ಕೇಳಿ. ಕಾಲುವೆಯಲ್ಲಿ ಅಳೆಯುವವರು ಎರಡು ಆವರ್ತನದ ಎಕೋಸೌಂಡರ್ (ಪ್ರತಿಧ್ವನಿಯಿಂದ ಆಳ ಅಳೆಯುವ ಉಪಕರಣ) ಬಳಸಬೇಕು. 200 ಕಿಲೋಹರ್ಟ್ಸ್ ತೆಳುಕೆಸರಿನ ನೆತ್ತಿಯಿಂದ ಮರಳುತ್ತದೆ, 33 ಕಿಲೋಹರ್ಟ್ಸ್ ಒಳಹೊಕ್ಕು ಕೆಳಗಿನ ಗಟ್ಟಿಪದರದಿಂದ. ಎರಡರ ನಡುವೆ ಒಂದು ಮೀಟರ್ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಯಾವ ಆವರ್ತನದ ಆಳ ಎಂದು ಬರೆಯದ ನಕಾಶೆಯಿಂದ ಹೂಳೆತ್ತುವ ಲೆಕ್ಕ ಹಾಕಬೇಡಿ.

ಪ್ರಶ್ನೆ: ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ ಹೂಳು ಕಡಲಿಗೆ ಕಡಿಮೆಯಾಯಿತೆ ಎಂದು ಕೆಸರಿನ ಕೋರ್ (ಕೊಳವೆಯಲ್ಲಿ ಎತ್ತಿದ ಕೆಸರಿನ ಕಂಬ) ಹೇಳಬಲ್ಲದೆ? (ಸಾಗರ)

ಅಣೆಕಟ್ಟು ಮುಗಿದದ್ದು 1964ರಲ್ಲಿ. ವರ್ಷಕ್ಕೆ 2 ಮಿ.ಮೀ. ಕೂಡುವ ಕಡೆ ಆ ವರ್ಷ ಈಗ ಸುಮಾರು 12 ಸೆಂ.ಮೀ. ಕೆಳಗಿದೆ. ಮೇಲಿನ 6 ಸೆಂ.ಮೀ. ಸದಾ ಬೆರೆಯುತ್ತಿದ್ದರೆ ಯಾವುದೇ ಬದಲಾವಣೆ 30 ವರ್ಷದಷ್ಟು ಅಗಲಕ್ಕೆ ಹರಡಿ ಮಸುಕಾಗುತ್ತದೆ. ಅಂಥಲ್ಲಿ ಹೇಳಲಾಗದು. ವರ್ಷಕ್ಕೆ 6–8 ಮಿ.ಮೀ. ಕೂಡುವ, ಬೆರಕೆ ಕಡಿಮೆಯಿರುವ ಜಾಗ ಹುಡುಕಬೇಕು. ಅದೃಷ್ಟವಶಾತ್ ಅಣುಬಾಂಬ್ ಪರೀಕ್ಷೆಗಳ ಸೀಸಿಯಂ-137 ಅತಿ ಹೆಚ್ಚು ಉದುರಿದ್ದು 1963ರಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತು. ಅದರ ಶಿಖರ ಸಿಕ್ಕರೆ ಸೀಸದ ಗಡಿಯಾರವನ್ನೂ ಒರೆಗೆ ಹಚ್ಚಬಹುದು. ಆದರೆ ನಮ್ಮ ಅಕ್ಷಾಂಶದಲ್ಲಿ ಸೀಸಿಯಂ ಬಿದ್ದದ್ದೇ ಕಡಿಮೆ, ಉಪ್ಪುನೀರಿನಲ್ಲಿ ಅದು ಕಣಕ್ಕೆ ಗಟ್ಟಿಯಾಗಿ ಅಂಟುವುದೂ ಇಲ್ಲ. ಒಂದೊಂದು ಹೋಳನ್ನೂ ಎರಡು ಮೂರು ದಿನ ಎಣಿಸಬೇಕಾಗಬಹುದು.