ಕುದುರೆ ರೇಸ್ ನೋಡೋದು ಇಷ್ಟ, ಆದರೆ ಕುದುರೆಗೆ ಹಿಂಸೆ ಆಗುತ್ತೆ ಅಂತಾರೆ. ನೋಡೋದು ತಪ್ಪಾ?

ನಮಸ್ಕಾರ. ನಿಮ್ಮ ಪ್ರಶ್ನೆ ಹೀಗಿದೆ: ಈಚೆಗೆ ರೇಸ್ ನೋಡೋಕೆ ಶುರು ಮಾಡಿದ್ದೀರಿ. ದುಡ್ಡು ಕಟ್ಟಲ್ಲ, ಕುದುರೆ ಓಡೋದನ್ನ ನೋಡೋದೇ ಖುಷಿ. ಆದರೆ ನಿಮ್ಮ ಅಕ್ಕ "ಮೂಕ ಪ್ರಾಣೀನ ಹೊಡೆದು ಓಡಿಸ್ತಾರೆ, ಅದನ್ನ ಹೇಗೆ ನೋಡ್ತೀಯಾ?" ಅಂತ ಕೇಳಿದರು. ನಿಮಗೆ ಉತ್ತರ ಹೊಳೆಯಲಿಲ್ಲ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ನಾನು ಚಿಕ್ಕಂದಿನಿಂದ ರೇಸ್ ನೋಡಿದವನು, ಈಗಲೂ ನೋಡುತ್ತೇನೆ. ನಿಮ್ಮ ಅಕ್ಕ ಹೇಳಿದ್ದು ಸುಳ್ಳಲ್ಲ. ಆದರೆ ಚಾಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕುದುರೆಗೆ ಅದಕ್ಕಿಂತ ದೊಡ್ಡ ಅನ್ಯಾಯ ಆಗುವುದು ಯಾರೂ ನೋಡದ ಹೊತ್ತಿನಲ್ಲಿ. ಅಭಿಮಾನಿ ಅನ್ನಿಸಿಕೊಂಡವನು ಆ ಕಡೆ ನೋಡಬೇಕು ಅನ್ನುವುದು ನನ್ನ ಮಾತು.

ನನಗೆ ಈ ಹುಚ್ಚು ಹತ್ತಿಸಿದ್ದು ಸೋದರಮಾವ. ಮೈಸೂರು ರೇಸ್ ಕ್ಲಬ್ 1891ರಷ್ಟು ಹಳೆಯದು. ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅತ್ತ ಚಾಮುಂಡಿ ಬೆಟ್ಟ, ಇತ್ತ ಹಸಿರು ಟ್ರ್ಯಾಕು. ಮಾವ ರೇಸ್ ಪುಸ್ತಕದಲ್ಲಿ ಪೆನ್ಸಿಲ್ ಆಡಿಸುತ್ತಾ ಇದ್ದರೆ ನಾನು ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗದ, ಅಂದರೆ ಪ್ಯಾಡಕ್‌ನ ಬೇಲಿಗೆ ಅಂಟಿಕೊಂಡು ನಿಲ್ಲುತ್ತಿದ್ದೆ. ಈಗಲೂ ನನಗೆ ಓಟಕ್ಕಿಂತ ಪ್ಯಾಡಕ್ಕೇ ಹೆಚ್ಚು. ನೀವು ಟಿವಿಯಲ್ಲೋ ಫೋನಿನಲ್ಲೋ ನೋಡುವವರಾದರೆ ಒಮ್ಮೆ ಬಂದು ಅಲ್ಲಿ ನಿಂತು ನೋಡಿ. ಕುದುರೆ ನೋಡಿಕೊಳ್ಳುವ ಸೈಸ್ ಲಗಾಮು ಹಿಡಿದು ಎಡಗಡೆ ನಡೆಯುತ್ತಿರುತ್ತಾನೆ, ಬಾಯಲ್ಲಿ ಏನೋ ಗುನುಗುತ್ತಾ. ಕೆಲವು ಕುದುರೆ ಸಮಾಧಾನವಾಗಿ ಹೆಜ್ಜೆ ಹಾಕುತ್ತವೆ. ಇನ್ನು ಕೆಲವಕ್ಕೆ ಗೇಟು ತಲುಪುವ ಮೊದಲೇ ಮೈಯೆಲ್ಲಾ ಬೆವರು. ಲಗಾಮು ಉಜ್ಜುವ ಕಡೆ ಕತ್ತಿನ ಮೇಲೆ, ಹಿಂದಿನ ತೊಡೆಗಳ ನಡುವೆ ಸೋಪಿನ ನೊರೆಯಂತೆ ಬಿಳಿ ಕಟ್ಟಿರುತ್ತದೆ. ಕಿವಿ ಹಿಂದಕ್ಕೆ ಅಂಟಿರುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ. ಅದು ಹೆದರಿಕೆ. ಪಕ್ಕದಲ್ಲಿ ನಿಂತವರು ಅದನ್ನು ನೋಡಿ "ಇವತ್ತು ಇದು ಆಗಲ್ಲ, ಬಿಡಿ" ಅಂದು ಪುಸ್ತಕದಲ್ಲಿ ಗೀಟು ಹಾಕುತ್ತಾರೆ. ಎಲ್ಲರೂ ನೋಡುತ್ತಾರೆ, ಆದರೆ ಪಂಥದ ಲೆಕ್ಕಕ್ಕೆ ಮಾತ್ರ ತೆಗೆದುಕೊಳ್ಳುತ್ತಾರೆ.

ಹಾಗೆ ನಿಂತಾಗ ಕಾಲುಗಳನ್ನು ನೋಡಿ. ನಾನೂರೈವತ್ತು, ಐನೂರು ಕಿಲೋ ತೂಗುವ ಪ್ರಾಣಿ. ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸವೇ ಇಲ್ಲ. ಮೂಳೆ, ಟೆಂಡನ್ ಅನ್ನುವ ಗಟ್ಟಿ ನಾರು, ಚರ್ಮ, ಅಷ್ಟೇ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದು ಗಳಿಗೆ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಆ ಕಾಲು ಹೊರುವುದು ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ.

"ಕಾಲು ಮುರಿದರೆ ಸಾಯಿಸಿಬಿಡ್ತಾರಂತೆ, ಪ್ಲಾಸ್ಟರ್ ಹಾಕಬಾರದಾ?" ಅಂತ ರೇಸ್ ಗೊತ್ತಿಲ್ಲದವರು ಸಾಮಾನ್ಯವಾಗಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕುದುರೆ ನಮ್ಮ ಹಾಗೆ ತಿಂಗಳುಗಟ್ಟಲೆ ಮಲಗಿರಲಾರದು. ಮಲಗಿದರೆ ಅದರ ಭಾರವೇ ಅದರ ಶ್ವಾಸಕೋಶ, ಮಾಂಸಖಂಡಗಳನ್ನು ಒತ್ತುತ್ತದೆ. ನಿಂತರೆ ಮುರಿದ ಕಾಲಿನ ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬರುತ್ತದೆ. ಆಗ ಗೊರಸಿನ ಒಳಗಿನ ಪದರ ಊದಿಕೊಂಡು, ಗೊರಸೇ ಮೂಳೆಯಿಂದ ಬಿಡಲು ಶುರುವಾಗುತ್ತದೆ. ಲ್ಯಾಮಿನೈಟಿಸ್ ಅಂತಾರೆ. ಭಯಂಕರ ನೋವು.

ಬಾರ್ಬರೋ ಅನ್ನುವ ಕುದುರೆಯ ಕಥೆ ಕೇಳಿ. ಅಮೆರಿಕದ ಹೆಸರಾಂತ ಓಟ ಕೆಂಟಕಿ ಡರ್ಬಿಯನ್ನು 2006ರಲ್ಲಿ ಗೆದ್ದಿತ್ತು. ಎರಡೇ ವಾರದ ನಂತರ ಪ್ರೀಕ್‌ನೆಸ್ ಓಟದಲ್ಲಿ ಹಿಂಗಾಲು ಚೂರುಚೂರಾಯಿತು. ಮಾಲೀಕರಿಗೆ ದುಡ್ಡಿತ್ತು, ಮನಸ್ಸೂ ಇತ್ತು. ಅಮೆರಿಕದ ದೊಡ್ಡ ಕುದುರೆ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಮುರಿದ ಕಾಲು ಕೂಡುತ್ತಾ ಬಂತು ಅನ್ನುವಷ್ಟರಲ್ಲಿ ಚೆನ್ನಾಗಿದ್ದ ಕಾಲಿಗೆ ಲ್ಯಾಮಿನೈಟಿಸ್ ಹಿಡಿಯಿತು. ಎಂಟು ತಿಂಗಳು ಒದ್ದಾಡಿ, 2007ರ ಜನವರಿಯಲ್ಲಿ ಇಂಜೆಕ್ಷನ್ ಕೊಟ್ಟು ಕಳಿಸಿಕೊಟ್ಟರು. ಆದ್ದರಿಂದ ಟ್ರ್ಯಾಕಿನಲ್ಲಿ ಪರದೆ ಕಟ್ಟಿ ಕುದುರೆಯನ್ನು ಸಾಯಿಸಿದಾಗ ಆ ವೈದ್ಯರನ್ನು ನಾನು ಬೈಯುವುದಿಲ್ಲ. ಆ ಹೊತ್ತಿಗೆ ಅದೇ ದಯೆ.

ಬೈಯಬೇಕಾದದ್ದು ಅದಕ್ಕಿಂತ ಮುಂಚೆ ನಡೆದದ್ದನ್ನು. ಕ್ಯಾಲಿಫೋರ್ನಿಯಾದಲ್ಲಿ ರೇಸ್ ಕುದುರೆ ಸತ್ತರೆ ಮರಣೋತ್ತರ ಪರೀಕ್ಷೆ ಕಡ್ಡಾಯ, 1990ರಿಂದಲೂ. ಅದರಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ಮುರಿದ ಮೂಳೆಗಳಲ್ಲಿ ಬಹುಪಾಲು ಆ ದಿನ ದಿಢೀರ್ ಅಂತ ಮುರಿದದ್ದಲ್ಲ. ಮೊದಲೇ ಕೂದಲೆಳೆ ಬಿರುಕು ಇರುತ್ತದೆ. ವಿಶ್ರಾಂತಿ ಕೊಟ್ಟರೆ ಮೂಳೆ ತಾನೇ ಕೂಡಿಕೊಳ್ಳುತ್ತದೆ. ಕೊಡದೆ ಓಡಿಸಿದರೆ ಒಂದು ದಿನ ಕೈಕೊಡುತ್ತದೆ. ಕುದುರೆ ಸುಮ್ನೆ ಇರುವುದಿಲ್ಲ. ಹೆಜ್ಜೆ ಸ್ವಲ್ಪ ಗಿಡ್ಡವಾಗುತ್ತದೆ, ತಿರುವಿನಲ್ಲಿ ಒಂದು ಕಡೆಗೆ ವಾಲುತ್ತದೆ, ಬೆಳಗಿನ ತಾಲೀಮಿನ ನಂತರ ಕಾಲು ಬಿಸಿ ಇರುತ್ತದೆ. ಸೈಸ್‌ಗೆ ಮೊದಲು ಗೊತ್ತಾಗುತ್ತದೆ, ಏಕೆಂದರೆ ದಿನಾ ಆ ಕಾಲನ್ನು ಕೈಯಾರೆ ಸವರುವವನು ಅವನೇ. ಆದರೆ ಆ ಇಡೀ ವ್ಯವಸ್ಥೆಯಲ್ಲಿ ಅವನ ಸಂಬಳ ಕಡಿಮೆ, ಅವನ ಮಾತಿಗೆ ಬೆಲೆಯೂ ಕಡಿಮೆ.

ನೋವು ಕಡಿಮೆ ಮಾಡುವ ಔಷಧಿ ಬಗ್ಗೆ ನಾನು ಇಷ್ಟು ಸಿಟ್ಟಾಗುವುದು ಇದಕ್ಕೇ. ನೋವು ಕುದುರೆಯ ಭಾಷೆ. ಅದನ್ನು ಅಡಗಿಸಿದರೆ ಬಿರುಕುಬಿಟ್ಟ ಕಾಲಿನ ಮೇಲೆ ಅದು ಮನಸಾರೆ ಓಡುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಕುದುರೆಯೊಂದರ ಮೂತ್ರದಲ್ಲಿ ಪ್ರೊಕೇನ್ ಸಿಕ್ಕಿತ್ತು. ಅದು ಮರಗಟ್ಟಿಸುವ ಔಷಧಿ. ಒಂದು ಬಗೆಯ ಪೆನಿಸಿಲಿನ್ ಇಂಜೆಕ್ಷನ್ ಜೊತೆಗೂ ಅದು ಮೈಗೆ ಸೇರಬಹುದು, ಹಾಗಾಗಿ ಯಾರು ಏನು ಮಾಡಿದರು ಅಂತ ನಾನು ತೀರ್ಪು ಕೊಡಲಾರೆ. ವಿಷಯ ಪೊಲೀಸ್ ತನಿಖೆ ತನಕ ಹೋಯಿತು. ಆಗ ನನ್ನ ಸುತ್ತಮುತ್ತ ನಡೆದ ಮಾತೆಲ್ಲ ದುಡ್ಡಿನದೇ. ದುಡ್ಡು ಕಟ್ಟಿದ ಪಂಟರ್‌ಗಳಿಗೆ ಮೋಸ, ಪಂಥ ಕಟ್ಟಿಸಿಕೊಳ್ಳುವ ಬುಕ್ಕಿಗಳಿಗೆ ಲಾಭ, ಇಷ್ಟೇ. ಆ ಕುದುರೆಯ ಕಾಲಿಗೆ ಏನಾಗಿತ್ತು ಅಂತ ಕೇಳಿದವರು ನನಗೆ ಸಿಗಲಿಲ್ಲ.

ಲೆಕ್ಕ ಇಟ್ಟರೆ ಬದಲಾವಣೆ ಆಗುತ್ತದೆ ಅನ್ನುವುದಕ್ಕೆ ಅಮೆರಿಕವೇ ಸಾಕ್ಷಿ. ಸಾಂಟಾ ಅನಿತಾ ರೇಸ್ ಕೋರ್ಸಿನಲ್ಲಿ 2018ರ ಡಿಸೆಂಬರ್‌ನಿಂದ 2019ರ ಜೂನ್ ಒಳಗೆ 30 ಕುದುರೆ ಸತ್ತವು. ಜನ ರೊಚ್ಚಿಗೆದ್ದರು. ಔಷಧಿಗೆ ಕಡಿವಾಣ ಬಿತ್ತು, ಓಟದ ಮುಂಚಿನ ತಪಾಸಣೆ ಬಿಗಿಯಾಯಿತು, ಕಾಲಿನ ಸ್ಕ್ಯಾನ್ ಬಂತು. 2022ರಿಂದ ದೇಶದ ಹೆಚ್ಚಿನ ಟ್ರ್ಯಾಕುಗಳಿಗೆ ಒಂದೇ ಪ್ರಾಧಿಕಾರದ ನಿಯಮ. 2009ರಲ್ಲಿ ಅಲ್ಲಿ ಓಟಕ್ಕೆ ಇಳಿದ ಪ್ರತಿ ಸಾವಿರ ಕುದುರೆಗೆ 2 ಸಾಯುತ್ತಿದ್ದವು. 2024ರಲ್ಲಿ ಆ ಪ್ರಾಧಿಕಾರದ ಕೆಳಗಿನ ಟ್ರ್ಯಾಕುಗಳಲ್ಲಿ ಅದು 0.90ಕ್ಕೆ ಇಳಿದಿತ್ತು. ಸೊನ್ನೆ ಆಗಿಲ್ಲ ನಿಜ. ಆದರೆ "ಅದು ವಿಧಿ, ಏನು ಮಾಡೋಕಾಗುತ್ತೆ" ಅನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಡ. ನಮ್ಮ ಕ್ಲಬ್‌ಗಳು ಇಂಥ ಲೆಕ್ಕವನ್ನು ವರ್ಷ ವರ್ಷ ಜನರ ಮುಂದಿಟ್ಟಿದ್ದನ್ನು ನಾನು ಕಂಡಿಲ್ಲ.

ಈಗ ಚಾಟಿ. ನಿಮ್ಮ ಅಕ್ಕನ ಪರವಾಗಿಯೇ ಮಾತಾಡುತ್ತೇನೆ. ಕುದುರೆ ಚರ್ಮ ದಪ್ಪ, ಅದಕ್ಕೆ ತಾಗಲ್ಲ ಅಂತ ಹೇಳುವುದುಂಟು. ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿ ಅದು. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮನುಷ್ಯರ ಚರ್ಮವನ್ನೂ ಕುದುರೆ ಚರ್ಮವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನೋವು ತಿಳಿಯುವ ಮೇಲ್ಪದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2011ರ ಇನ್ನೊಂದು ಅಧ್ಯಯನ, ಹೊಡೆದರೆ ಗೆಲ್ಲುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ ಅಂದಿತು. ಬ್ರಿಟನ್‌ನಲ್ಲಿ ಈಗ ಬಯಲು ಓಟದಲ್ಲಿ ಆರು ಏಟಿಗಿಂತ ಹೆಚ್ಚು ಹೊಡೆಯುವಂತಿಲ್ಲ, ಬೇಲಿ ಹಾರುವ ಓಟದಲ್ಲಿ ಏಳು. ಪ್ರಯೋಜನವೇ ಇಲ್ಲ ಅಂದಮೇಲೆ ಆ ಆರಾದರೂ ಯಾಕೆ? ಕೊನೆಯ ಇನ್ನೂರು ಮೀಟರ್‌ನಲ್ಲಿ ಚಾಟಿ ಎತ್ತದೆ ಕೈಯಲ್ಲೇ ಕುದುರೆಯನ್ನು ಮುಂದೆ ತಳ್ಳುವ ಜಾಕಿಯನ್ನು ಗಮನಿಸಿ ನೋಡಿ. ಅದೇ ನಿಜವಾದ ಸವಾರಿ.

ಕಂಬಳದ ಚಾಟಿ ಬಗ್ಗೆ ನಮ್ಮ ರಾಜ್ಯದಲ್ಲಿ ಎಷ್ಟು ಜಗ್ಗಾಟ ಆಯ್ತು ನೆನಪಿದೆಯಲ್ವಾ? ಕಾನೂನು ತಿದ್ದುಪಡಿ, ರಾಷ್ಟ್ರಪತಿಗಳ ಅಂಕಿತ, ಕೊನೆಗೆ 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ರೇಸ್ ಕುದುರೆ ಪಾಲಿಗೆ ಅಂಥ ಚರ್ಚೆ ನಡೆದೇ ಇಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ರೇಸ್ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಅದು ತೀರ್ಮಾನಿಸಿದ್ದು ಇದು ಜೂಜೋ ಕೌಶಲವೋ ಅನ್ನುವುದನ್ನು. ಕೌಶಲ ಅಂದಿತು. ಕೋಣಕ್ಕೂ ಕುದುರೆಗೂ ಇನ್ನೊಂದು ವ್ಯತ್ಯಾಸ ಇದೆ. ಕಂಬಳದ ಕೋಣ ಸಾಮಾನ್ಯವಾಗಿ ಒಂದು ಮನೆಯದ್ದು, ಆ ಮನೆಯ ಹೆಸರಲ್ಲೇ ಅದನ್ನು ಗುರುತಿಸುತ್ತಾರೆ. ರೇಸ್ ಕುದುರೆಗೆ ಮಾಲೀಕರಿದ್ದಾರೆ, ಎಷ್ಟೋ ಸಲ ನಾಲ್ಕೈದು ಜನ ಪಾಲುದಾರರು. ಮನೆ ಇಲ್ಲ.

ಲಾಯವನ್ನೇ ಮನೆ ಅಂದುಕೊಂಡರೂ ದಿನದ ಇಪ್ಪತ್ತೆರಡು, ಇಪ್ಪತ್ತಮೂರು ಗಂಟೆ ಆ ನಾಲ್ಕು ಗೋಡೆ ನಡುವೆಯೇ. ಗುಂಪಿನಲ್ಲಿ ಮೇಯುತ್ತಾ ಓಡಾಡಬೇಕಾದ ಪ್ರಾಣಿ. ಬಾಗಿಲ ಬಳಿ ನಿಂತು ತಲೆಯನ್ನು ಅತ್ತ ಇತ್ತ ತೂಗಾಡಿಸುವ ಕುದುರೆಯನ್ನು ನೋಡಿ "ಎಷ್ಟು ಚೆನ್ನಾಗಿ ಆಡುತ್ತೆ" ಅಂತ ಮಕ್ಕಳು ನಗುತ್ತಾರೆ. ಅದು ಆಟ ಅಲ್ಲ, ಬೇಸರ ಮೈಗೆ ಹತ್ತಿದ್ದು. ಹೊಟ್ಟೆಹುಣ್ಣು ಕೂಡ ರೇಸ್ ಕುದುರೆಗಳಲ್ಲಿ ತೀರಾ ಮಾಮೂಲಿ.

ನನ್ನ ನಿದ್ದೆ ಕೆಡಿಸುವುದು ಮಾತ್ರ ಓಟ ಮುಗಿದ ಮೇಲಿನ ಬದುಕು. ಕುದುರೆ ಇಪ್ಪತ್ತೈದು ವರ್ಷ ಆರಾಮಾಗಿ ಬದುಕುತ್ತದೆ. ಆರು, ಏಳು ವರ್ಷಕ್ಕೆಲ್ಲ ಹೆಚ್ಚಿನವುಗಳ ಓಟ ಮುಗಿದಿರುತ್ತದೆ. ಒಳ್ಳೆ ಹೆಣ್ಣು ಕುದುರೆಗಳು ಮರಿ ಹಾಕಿಸುವ ಸ್ಟಡ್ ಫಾರ್ಮಿಗೆ ಹೋಗುತ್ತವೆ. ಗಂಡಿನಲ್ಲಿ ಆ ಭಾಗ್ಯ ಬೆರಳೆಣಿಕೆಗೆ. ಕೆಲವು ಸವಾರಿ ಶಾಲೆ, ಪೋಲೊ, ಪೊಲೀಸ್ ಅಶ್ವದಳ ಸೇರುತ್ತವೆ, ಅವು ಪುಣ್ಯವಂತ ಕುದುರೆಗಳು. ಉಳಿದವು ಕೈಯಿಂದ ಕೈಗೆ ಮಾರಾಟವಾಗುತ್ತಾ ಮದುವೆ ಮೆರವಣಿಗೆ, ಬೀಚ್ ಸವಾರಿ ಅಂತ ಇಳಿಯುತ್ತಾ ಹೋಗುತ್ತವೆ. ಒಂದೊಂದು ಕೈ ದಾಟಿದಂತೆ ಮೇವು ಕಡಿಮೆ, ವೈದ್ಯರು ಇನ್ನೂ ಕಡಿಮೆ. ಹೆಸರೂ ಹೋಗಿಬಿಡುತ್ತದೆ.

ದೊಡ್ಡ ಹೆಸರು ಮಾಡಿದರೂ ರಕ್ಷಣೆ ಇಲ್ಲ. ಫರ್ಡಿನಾಂಡ್ 1986ರ ಕೆಂಟಕಿ ಡರ್ಬಿ ಗೆದ್ದ ಕುದುರೆ. ತಳಿಗೆಂದು ಜಪಾನಿಗೆ ಮಾರಿದರು. ಉಪಯೋಗ ಮುಗಿದ ಮೇಲೆ 2002ರಲ್ಲಿ ಅದು ಕಸಾಯಿಖಾನೆ ಸೇರಿತು. ಸುದ್ದಿ ತಿಳಿದಾಗ ಅಮೆರಿಕದ ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಮಾರುವಾಗಲೇ "ಬೇಡವಾದಾಗ ನಮಗೇ ವಾಪಸ್ ಕೊಡಬೇಕು" ಅನ್ನುವ ಷರತ್ತು ಒಪ್ಪಂದಗಳಲ್ಲಿ ಬರಲು ಶುರುವಾಯಿತು. ಕೆಂಟಕಿಯಲ್ಲಿ ಓಲ್ಡ್ ಫ್ರೆಂಡ್ಸ್ ಅನ್ನುವ ಫಾರ್ಮು ಮುದಿ ರೇಸ್ ಕುದುರೆಗಳನ್ನು ಸಾಕುತ್ತದೆ, ಜನ ಹೋಗಿ ನೋಡಬಹುದು. 1997ರ ಡರ್ಬಿ ವಿಜೇತ ಸಿಲ್ವರ್ ಚಾರ್ಮ್ ಕೂಡ ಜಪಾನಿಗೆ ಹೋಗಿತ್ತು. ಅದು 2014ರಲ್ಲಿ ಅಮೆರಿಕಕ್ಕೆ ವಾಪಸ್ ಬಂದು ಆ ಫಾರ್ಮು ಸೇರಿತು. ಬ್ರಿಟನ್‌ನಲ್ಲಿ 2000ದಿಂದ, ಅಮೆರಿಕದಲ್ಲಿ 2012ರಿಂದ, ನಿವೃತ್ತ ಕುದುರೆಗಳಿಗೆ ರೇಸ್ ಉದ್ಯಮವೇ ದುಡ್ಡು ಹಾಕುವ ಸಂಸ್ಥೆಗಳಿವೆ.

ನಮ್ಮಲ್ಲಿ ಪಂಥಕ್ಕೆ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 2023ರ ಅಕ್ಟೋಬರ್‌ನಿಂದ ಶೇ. 28 ಜಿಎಸ್‌ಟಿ ಬಂತು, 2025ರಲ್ಲಿ ಅದು ಶೇ. 40 ಆಯಿತು. ಅದರಲ್ಲಿ ಕುದುರೆಯ ಮುಪ್ಪಿಗೆ ಅಂತ ಒಂದು ರೂಪಾಯಿ ತೆಗೆದಿಟ್ಟಿಲ್ಲ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ನಮ್ಮ ರಾಜ್ಯದಲ್ಲಿದೆ, ಅಲ್ಲಿ ನೂರಾರು ಎಕರೆ ಸರ್ಕಾರಿ ಜಮೀನಿದೆ. ಅದರಲ್ಲಿ ಒಂದು ಮೂಲೆಯನ್ನು ಮುದಿ ಕುದುರೆಗಳಿಗೆ ಬಿಟ್ಟುಕೊಡುವುದು ಆಗದ ಕೆಲಸವೇನಲ್ಲ. ಬೆಂಗಳೂರು ರೇಸ್ ಕೋರ್ಸ್ ಊರಾಚೆ ಹೋಗಬೇಕೋ ಬೇಡವೋ ಅನ್ನುವ ಜಗಳ ವರ್ಷಗಳಿಂದ ನಡೆದಿದೆ. ಜಾಗ ಯಾರಿಗೆ ಅನ್ನುವುದೇ ಅಲ್ಲಿ ಮಾತು. ಕುದುರೆಗಳ ಸುದ್ದಿ ಅದರಲ್ಲೂ ಬರುವುದಿಲ್ಲ.

"ರೇಸ್ ನಿಂತರೆ ಈ ತಳಿಯೇ ಇರಲ್ಲ, ಹಾಗಾಗಿ ರೇಸ್ ಒಳ್ಳೇದು" ಅನ್ನುವ ವಾದ ನಿಮ್ಮ ಕಿವಿಗೂ ಬೀಳುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ನಾವೇ ಹುಟ್ಟಿಸಿದ್ದು ಅಂದಮೇಲೆ ಕೊನೆತನಕ ಸಾಕುವ ಹೊಣೆಯೂ ನಮ್ಮದೇ. ಹಾಗೆಯೇ, ಮನಸ್ಸಿಗೆ ಒಗ್ಗದೆ ರೇಸ್ ನೋಡುವುದನ್ನು ಬಿಟ್ಟವರ ಬಗ್ಗೆ ನನಗೆ ಗೌರವ ಇದೆ. ನಾನು ಬಿಡದಿರುವುದಕ್ಕೆ ಕಾರಣ, ನಾನು ಎದ್ದು ಬಂದರೂ ಲಾಯದಲ್ಲಿರುವ ಕುದುರೆ ಅಲ್ಲೇ ಇರುತ್ತದೆ. ಅದರ ಬಗ್ಗೆ ಕೇಳುವವನು ಒಬ್ಬ ಕಡಿಮೆ ಆಗುತ್ತಾನೆ.

ನೀವು ಮಾಡಬಹುದಾದದ್ದು ಇದೆ. ಈ ಸೀಸನ್‌ನಲ್ಲಿ ಇಷ್ಟವಾದ ಕುದುರೆಗಳ ಹೆಸರು ಬರೆದಿಟ್ಟುಕೊಳ್ಳಿ. ಗೆಲ್ಲುವವನ್ನು ಮಾತ್ರ ಅಲ್ಲ, ಕೊನೆಗೆ ಬರುವವನ್ನೂ. ಪಟ್ಟಿಯಿಂದ ಒಂದು ಹೆಸರು ಕಾಣೆಯಾದರೆ ಕ್ಲಬ್‌ಗೆ ಬರೆದು ಕೇಳಿ: ಈ ಕುದುರೆ ಈಗ ಎಲ್ಲಿದೆ, ಯಾರ ಹತ್ತಿರ ಇದೆ? ಜೊತೆಗೆ, ಈ ವರ್ಷ ಓಟದಲ್ಲಿ ಮತ್ತು ತಾಲೀಮಿನಲ್ಲಿ ಸತ್ತ ಕುದುರೆಗಳ ಲೆಕ್ಕ ಪ್ರಕಟಿಸಿ ಅಂತಲೂ ಕೇಳಿ. ಪರಿಚಯದವರಲ್ಲಿ ಕುದುರೆಗೆ ಪಾಲು ಹಾಕಿದವರಿದ್ದರೆ ಅವರನ್ನೂ ಕೇಳಿ, ಮುಂದೇನು ಅಂತ ಯೋಚಿಸಿದ್ದಾರಾ ಅಂತ. ಮರುಕಕ್ಕೆ ಬಿದ್ದು ನೀವೇ ಒಂದು ಕುದುರೆ ತಂದುಕೊಳ್ಳೋಕೆ ಮಾತ್ರ ಹೋಗಬೇಡಿ. ಜಮೀನು, ಮೇವು, ಲಾಳ, ವೈದ್ಯರು ಅಂತ ತಿಂಗಳಿಗೆ ಬೀಳುವ ಖರ್ಚು ಸಣ್ಣದಲ್ಲ. ನಡುವೆ ಕೈಬಿಟ್ಟರೆ ಅದು ಮತ್ತೆ ಅದೇ ದಾರಿ ಹಿಡಿಯುತ್ತದೆ. ಕುದುರೆ ಸಾಕುವವರಿಗೆ ಮೇವಿನ ಖರ್ಚಿಗೆ ಸಹಾಯ ಮಾಡಿದರೆ ಅದೇ ಮೇಲು.

ನಾನು ಕ್ಲಬ್‌ಗೆ ಕನ್ನಡದಲ್ಲೇ ಒಂದು ಪತ್ರ ಬರೆದಿಟ್ಟಿದ್ದೇನೆ, ಒಂದು ಪುಟದ್ದು. ಬೇಕಿದ್ದರೆ ಹೇಳಿ, ಇಲ್ಲೇ ಕೆಳಗೆ ಹಾಕುತ್ತೇನೆ. ಹೆಸರು, ಊರು ಬದಲಿಸಿ ನೀವೂ ಕಳಿಸಬಹುದು. ಅಕ್ಕನೂ ಸಹಿ ಹಾಕಿದರೆ ಇನ್ನೂ ಒಳ್ಳೇದು.