ಅರ್ಧ ಜನಕ್ಕೆ ಮರುಳು, ಅರ್ಧ ಜನಕ್ಕೆ ಬೇಡ
ಸ್ಟೀವನ್ ಎರಿಕ್‌ಸನ್‌ರ ಮೊದಲ ಫ್ಯಾಂಟಸಿ ಕಾದಂಬರಿ ‘ಗಾರ್ಡನ್ಸ್ ಆಫ್ ದ ಮೂನ್’ಗೆ ನಿಮ್ಮ ಕುಂಬಳೆಯ ಓದುಗರ ಗುಂಪಲ್ಲಿ ಅರ್ಧ ಜನ ಮರುಳಾಗಿ ಅರ್ಧ ಜನ ಕೈಬಿಟ್ಟದ್ದಕ್ಕೆ ಕಾರಣ ಹೆಚ್ಚಾಗಿ ಅದು ಏನನ್ನೂ ವಿವರಿಸದೆ ಯುದ್ಧದ ನಡುವೆ ನಮ್ಮನ್ನು ಬಿಡುದು, ನಡುರಾತ್ರಿ ಯಕ್ಷಗಾನ ಆಟಕ್ಕೆ ಹೋಗಿ ಕೂತ ಹಾಗೆ, ಯಾವ ವೇಷ ಯಾರದ್ದು ಅಂತಲೇ ಗೊತ್ತಾಗುದಿಲ್ಲ. ಮೊದ್ಲು ಎಲ್ಲರಿಗೂ ಪುಸ್ತಕದ ಎದುರಲ್ಲಿರುವ ಪಾತ್ರಗಳ ಪಟ್ಟಿ, ಕೊನೆಯ ಶಬ್ದಪಟ್ಟಿ ತೋರಿಸಿ, ಎಷ್ಟೋ ಜನ ಅದನ್ನು ನೋಡಿಯೇ ಇರುದಿಲ್ಲ. ಮತ್ತೆ ಬಿಟ್ಟವರತ್ರ ಎರಡನೇ ಭಾಗದ ದಾರುಜಿಸ್ತಾನ್ ಪಟ್ಟಣದವರೆಗೆ ಮಾತ್ರ ಓದ್ಲಿಕ್ಕೆ ಹೇಳಿ, ನನಗೆ ಕಥೆ ಹಿಡಿಸಿದ್ದು ಅಲ್ಲಿಂದ. ಅಲ್ಲಿಗೂ ಹಿಡಿಸದಿದ್ರೆ ಒತ್ತಾಯ ಬೇಡ ಮಾರಾಯ್ರೆ, 10 ಪುಸ್ತಕದ ಸರಣಿ ಅದು. 1999ರ ಈ ಪುಸ್ತಕಕ್ಕಿಂತ ಎರಡನೆಯದು ತುಂಬ ಗಟ್ಟಿ ಉಂಟು, ಆದ್ರೆ ಅವರಿಗೂ ಹಾಗೇ ಅನಿಸ್ತದೆ ಅಂತ ಗ್ಯಾರಂಟಿ ಇಲ್ಲ. ಚರ್ಚೆಯ ದಿನ ಬಿಟ್ಟವರಿಗೇ ಮೊದ್ಲು ಮಾತಾಡ್ಲಿಕ್ಕೆ ಕೊಡಿ, ಯಾವ ಪುಟದಲ್ಲಿ ನಿಂತದ್ದು ಅಂತ ಕೇಳಿ.