ಅಮೆರಿಕದಲ್ಲಿ ವಾರಂಟ್ ಇಲ್ಲದೆ ಮನೆಗೆ ನುಗ್ಗಿದ ಪೊಲೀಸರ ಮೇಲೆ ದಾವೆ ಹಾಕಬಹುದೇ?

ನಿಮ್ಮ ತಮ್ಮ ಶಿಕಾಗೊದಲ್ಲಿದ್ದಾರೆ, ಅಲ್ಲಿ ಪೊಲೀಸರು ವಾರಂಟ್ ಇಲ್ಲದೆ ಮನೆಯೊಳಗೆ ಬಂದರೆ ಕೇಸು ಹಾಕಬಹುದೇ, ಹಾಕಿ ಗೆದ್ದವರಿದ್ದಾರೆಯೇ ಎಂದು ಕೇಳಿದ್ದೀರಿ. ಹಾಕಬಹುದು, ಗೆದ್ದವರೂ ಇದ್ದಾರೆ. ಈ ದಾರಿ ತೆರೆಸಿದ್ದೇ ಶಿಕಾಗೊದ ಒಂದು ಮನೆಯವರು. ಸಂವಿಧಾನದ ಪಾಠ ಮಾಡುವಾಗ ನಾನು ಅವರ ಕೇಸನ್ನು ಹೇಳದೆ ಬಿಡುವುದಿಲ್ಲ.

1958ರ ಅಕ್ಟೋಬರ್ 29, ಬೆಳಗಿನ ಜಾವ. ಮನ್ರೋ ಎಂಬ ಕಪ್ಪು ಜನಾಂಗದ ಕುಟುಂಬದ ಮನೆಗೆ 13 ಮಂದಿ ಪೊಲೀಸರು ಬಾಗಿಲು ಮುರಿದು ನುಗ್ಗಿದರು. ಶೋಧಕ್ಕೂ ಬಂಧನಕ್ಕೂ ವಾರಂಟ್ ಇರಲಿಲ್ಲ. ಮಲಗಿದ್ದ ಗಂಡ ಹೆಂಡತಿಯನ್ನು ಎಬ್ಬಿಸಿ ನಡುಮನೆಯಲ್ಲಿ ಬೆತ್ತಲೆ ನಿಲ್ಲಿಸಿದರು. ಮನೆಯಲ್ಲಿ 6 ಮಕ್ಕಳಿದ್ದರು. ಪ್ರತಿ ಕೋಣೆಯನ್ನೂ ಜಾಲಾಡಿದರು, ಹಾಸಿಗೆಯ ಹೊದಿಕೆ ಹರಿದರು. ಗಂಡನನ್ನು ಠಾಣೆಗೆ ಒಯ್ದು ಒಂದು ಕೊಲೆಯ ಬಗ್ಗೆ 10 ತಾಸು ವಿಚಾರಿಸಿದರು. ಮನೆಯವರಿಗಾಗಲಿ ವಕೀಲರಿಗಾಗಲಿ ಫೋನು ಮಾಡಲು ಬಿಡಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲಿಲ್ಲ. ಕೊನೆಗೆ ಯಾವ ಆರೋಪವೂ ಇಲ್ಲದೆ ಬಿಟ್ಟರು. ದಾವೆಯಲ್ಲಿ ಅವರು ಬರೆದುಕೊಂಡದ್ದು ಇಷ್ಟು. ಎಷ್ಟು ಸಲ ಓದಿದರೂ ನನಗೆ ಹೊಟ್ಟೆ ಉರಿಯುತ್ತದೆ.

ಅವರು ಹಿಡಿದದ್ದು ಸೆಕ್ಷನ್ 1983, ಅಂದರೆ ರಾಜ್ಯದ ಅಧಿಕಾರ ಬಳಸಿ ಸಂವಿಧಾನದ ಹಕ್ಕು ಮುರಿದವರ ಮೇಲೆ ದಾವೆ ಹಾಕಲು ಬಿಡುವ ಕಲಮು. ಇದು ಇಸವಿಯಲ್ಲ, ಕಲಮಿನ ಸಂಖ್ಯೆ. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನ ಹಾವಳಿಯನ್ನು ಅಡಗಿಸಲು 1871ರಲ್ಲಿ ಮಾಡಿದ ಕಾಯ್ದೆಯಿಂದ ಬಂದದ್ದು. ಪೊಲೀಸರ ಪರವಾಗಿ ಬಂದ ವಾದ ಹೀಗಿತ್ತು: ಶಿಕಾಗೊ ಇರುವ ಇಲಿನಾಯ್ ರಾಜ್ಯದ ಕಾನೂನೇ ಇಂಥ ನುಗ್ಗುವಿಕೆಯನ್ನು ನಿಷೇಧಿಸಿದೆ. ಹಾಗಾಗಿ ಇದು ರಾಜ್ಯದ ಅಧಿಕಾರದಿಂದ ಮಾಡಿದ ಕೆಲಸವಲ್ಲ, ರಾಜ್ಯದ ಕೋರ್ಟಿಗೆ ಹೋಗಲಿ. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಡಗ್ಲಸ್ ಅವರ ಪ್ರಕಾರ, ಸರ್ಕಾರ ಕೊಟ್ಟ ಅಧಿಕಾರವನ್ನು ದುರುಪಯೋಗ ಮಾಡಿದರೂ ಅದು ಸರ್ಕಾರದ ಅಧಿಕಾರದ ಬಲದಿಂದಲೇ ಮಾಡಿದ ಕೆಲಸ. ಸಂತ್ರಸ್ತರು ನೇರವಾಗಿ ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರದ ಕೋರ್ಟಿಗೆ, ಬರಬಹುದು. ಆ ಬಾಗಿಲು ಬಡವರಿಗೆ ತೆರೆದದ್ದು ಅಂದೇ ಎಂದು ನಾನು ನಂಬಿದ್ದೇನೆ.

ಆದರೆ ಅದೇ ತೀರ್ಪು ಶಿಕಾಗೊ ನಗರಾಡಳಿತವನ್ನು ದಾವೆಯಿಂದ ಕೈಬಿಟ್ಟಿತು. ಸುಪ್ರೀಂ ಕೋರ್ಟಿನ 1978ರ ಮೊನೆಲ್ ತೀರ್ಪಿನಿಂದ ನಗರದ ಮೇಲೂ ದಾವೆ ಹಾಕಬಹುದು, ಆದರೆ ತಪ್ಪು ಅದರ ನೀತಿಯಿಂದಲೋ ರೂಢಿಯಿಂದಲೋ ಆದದ್ದೆಂದು ತೋರಿಸಬೇಕು. ಅದಕ್ಕಿಂತ ದೊಡ್ಡ ತಡೆಗೋಡೆ ಅಧಿಕಾರಿಗಳಿಗಿರುವ ಷರತ್ತುಬದ್ಧ ವಿನಾಯಿತಿ. ತಾನು ಮಾಡಿದ್ದು ಹಕ್ಕಿನ ಉಲ್ಲಂಘನೆಯೆಂದು ಆ ಹೊತ್ತಿಗಾಗಲೇ ತೀರ್ಪುಗಳಿಂದ ಸ್ಪಷ್ಟವಾಗಿರದಿದ್ದರೆ ಅಧಿಕಾರಿ ಪರಿಹಾರ ಕೊಡಬೇಕಿಲ್ಲ. ಈ ನಿಯಮ ಶಾಸನದಲ್ಲಿಲ್ಲ, ನ್ಯಾಯಾಲಯಗಳೇ ಕಟ್ಟಿದ್ದು. ಎಷ್ಟೋ ನ್ಯಾಯವಾದ ದಾವೆಗಳು ಇಲ್ಲೇ ಮುಗ್ಗರಿಸುತ್ತವೆ, ಇದು ಹೋಗಲೇಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಕೈಚೆಲ್ಲಬೇಡಿ. 2021ರಲ್ಲಿ ಕನಿಗ್ಲಿಯಾ ಪ್ರಕರಣದಲ್ಲಿ, ಮನೆಯೊಡೆಯ ಆಸ್ಪತ್ರೆಗೆ ಹೋದಾಗ ಒಳಹೊಕ್ಕು ಬಂದೂಕುಗಳನ್ನು ಒಯ್ದ ಪೊಲೀಸರು ಅದನ್ನು ಜನರ ಕ್ಷೇಮ ನೋಡಿಕೊಳ್ಳುವ ಕೆಲಸವೆಂದು ಸಮರ್ಥಿಸಿಕೊಂಡರು. ಮನೆಯೊಳಗೆ ಬರಲು ಅಷ್ಟೇ ಕಾರಣ ಸಾಲದು ಎಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದರು.

ನಿಮ್ಮ ತಮ್ಮನಿಗೆ ತಿಳಿಸಬೇಕಾದದ್ದು: ಒಪ್ಪಿಗೆ ಕೊಟ್ಟರೆ ವಾರಂಟ್ ಬೇಕಾಗುವುದಿಲ್ಲ, ಆದ್ದರಿಂದ "ನನ್ನ ಒಪ್ಪಿಗೆ ಇಲ್ಲ" ಎಂದು ಸ್ಪಷ್ಟವಾಗಿ ಹೇಳಲಿ. ಪ್ರಾಣಾಪಾಯದಂಥ ತುರ್ತು ಇದ್ದರೆ ವಾರಂಟ್ ಇಲ್ಲದೆಯೂ ಬರಬಹುದು. ನುಗ್ಗಿದರೆ ಮೈಮೇಲೆ ಹೋಗಿ ತಡೆಯಬಾರದು. ಹೆಸರು, ಬ್ಯಾಡ್ಜ್ ಸಂಖ್ಯೆ, ಕ್ಯಾಮೆರಾ ದೃಶ್ಯ ಎಲ್ಲ ಇಟ್ಟುಕೊಳ್ಳಲಿ. ಬಂದವರು ಕೇಂದ್ರ ಸರ್ಕಾರದ ಅಧಿಕಾರಿಗಳಾದರೆ ಸೆಕ್ಷನ್ 1983 ನಡೆಯದು, ಅದಕ್ಕೆ ಬೇರೆ ಕಾಯ್ದೆ ಇದೆ. ಗೆದ್ದರೆ ವಕೀಲರ ಫೀಸನ್ನು ಎದುರು ಪಕ್ಷದಿಂದ ಕೊಡಿಸಲು 1976ರಿಂದ ಅವಕಾಶವಿದೆ, ಹಾಗಾಗಿ ದುಡ್ಡಿಲ್ಲವೆಂದು ಸುಮ್ಮನಿರಬೇಕಿಲ್ಲ. ಆದರೆ ಇಲಿನಾಯ್‌ನಲ್ಲಿ ಈ ದಾವೆಗೆ ಇರುವ ಗಡುವು 2 ವರ್ಷ, ಬೇಗ ವಕೀಲರನ್ನು ಕಾಣಲಿ.